ಗಂಗವ್ವನ ಕಾಲು

ನನ್ನ ಸೋತ ಕಿಡ್ನಿಯನ್ನು ಹೆಂಡತಿ ಗಂಗವ್ವನ ಕಿಡ್ನಿಗೆ ದವಾಖಾನೆಯವರು ತಂತಿ, ನಳಿಕೆ ಇಲ್ಲದೆ ಗಾಳಿಯಲ್ಲೇ ಜೋಡಿಸಿದ ಮೇಲೆ, ನಾನು ಮೂತ್ರ ಇಳಿಸುವ ಗುಳಿಗೆ ತಪ್ಪಿಸಿದರೆ ಬಾವು ಬರುವುದು ಅವಳ ಕಾಲಿಗೆ. ಹೀಗೆ ಕಿಡ್ನಿ ಜೋಡಿಸಿಕೊಂಡ ಮನೆಗಳಲ್ಲೆಲ್ಲ ಇದೇ ಪಾಡು.

“ಮದುವಿ ದಿಬ್ಬಣಕ್ಕ ಹೋದಾಗೂ ಗುಳಿಗಿ ದಿನಾ ತಗೊಂಡ್ರೇನ್ರೀ?” ಔಷಧಿ ಅಂಗಡಿಯ ಮೆಹರುನ್ನೀಸಾ ಕೇಳಿದರು.

“ತಪ್ಪದ ತಗೊಂಡೀನ್ರೀ,” ಎಂದೆ.

ಅವರು ನನ್ನ ಮುಖ ನೋಡಲೇ ಇಲ್ಲ. ಬಗ್ಗಿ ಗಂಗವ್ವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಹಾಗೇ ಉಳಿಯಿತು.

“ನಾನೇ ಉಪ್ಪಿನಕಾಯಿ ಜಾಸ್ತಿ ತಿಂದೀನ್ರೀ,” ಎಂದಳು ಗಂಗವ್ವ.

“ನೀವು ಸುಮ್ಮನಿರ್ರಿ.” ಮೆಹರುನ್ನೀಸಾ ನನ್ನತ್ತ ತಿರುಗಿದರು. “ಮೂತ್ರಕ್ಕಂತ ದಿಬ್ಬಣದ ಬಸ್ಸು ನಿಲ್ಲಸಾಕ ನಾಚಿಕಿ ಆತು, ಹೌದಲ್ಲ? ಮೊದಲೇ ಕೇಳಿದ್ರ ಗುಳಿಗಿ ತಗೊಳ್ಳೋ ಹೊತ್ತು ಬದಲಿಸಿ ಕೊಡ್ತಿದ್ದೆ.”

ನಾನು ತಲೆ ತಗ್ಗಿಸಿದೆ. ಆಗಲೇ ಕಂಡದ್ದು: ಗಂಗವ್ವ ಬಾತ ಕಾಲಿಗೆ ಮೆಟ್ಟಿಕೊಂಡು ಬಂದದ್ದು ನನ್ನ ಹಳೇ ಚಪ್ಪಲಿ.