ಒಂಬತ್ತಲ್ಲದ ಒಂಬತ್ತು

"ಇದರಲ್ಲಿ ಯಾರೋ ಕೈಯಾಡಿಸಿದಾರಮ್ಮ" ಎಂದರು ರೇಡಿಯೊ ರಿಪೇರಿಯ ಪುಟ್ಟಸ್ವಾಮಿ, ಭೂತಗನ್ನಡಿಯಿಂದ ಕಣ್ಣೆತ್ತದೆ.

ಸುನಂದಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಅನುಮಾನ ಸುಳ್ಳಾಗಲಿ ಎಂದು ಹರಕೆ ಹೊತ್ತವಳಿಗೂ ಅದು ನಿಜವಾದಾಗ ಒಂದು ಬಗೆಯ ಸಮಾಧಾನ ಆಗುವುದುಂಟು.

ಉಬಿ ಬಡಾವಣೆಯ ಆ ಪುಟ್ಟ ವರ್ಕ್‌ಶಾಪಿನ ಮೇಜಿನ ಮೇಲೆ ಅವಳ ಗಂಡ ಅವಿನಾಶನ ಹಳೆಯ ಸಿ.ಬಿ. ರೇಡಿಯೊ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಲಾರಿಯವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುವಂಥದ್ದು, ನಲವತ್ತು ಚಾನೆಲ್. ಒಳಗೆ ತಾಮ್ರದ ಒಂದು ಗೆರೆ ಕತ್ತರಿಸಿ, ಎಳೆ ತಂತಿ ಬೆಸೆದು, ಬೆನ್ನಿಗೆ ಕಡಲೆಕಾಳಿನಷ್ಟು ಸ್ವಿಚ್ ಕೂರಿಸಿದ್ದರು. ಅದನ್ನು ಒತ್ತಿದರೆ ಮುಂದಿನ ಪರದೆಯಲ್ಲಿ ಚಾನೆಲ್ ಒಂಬತ್ತು ಎಂದೇ ಕಾಣುತ್ತದೆ. ಮಾತು ಮಾತ್ರ ನಲವತ್ತರ ಆಚೆ ಎಲ್ಲಿಗೋ ಹೋಗುತ್ತದೆ.

"ಇಂಥದ್ದೇ ಇನ್ನೊಂದು ಸೆಟ್ ಎಲ್ಲೋ ಇರಲೇಬೇಕು. ಇಲ್ದಿದ್ರೆ ಗಾಳಿ ಜೊತೆ ಮಾತಾಡ್ತಾರಾ?"

ಗಾಳಿ ಯಾರನ್ನೂ ಹಾಗೆ ನಗಿಸುವುದಿಲ್ಲ. ಮೂರು ತಿಂಗಳಿಂದ ದಿನಾ ಸಂಜೆ ಆರೂವರೆಗೆ ಅವಿನಾಶ ಅಡುಗೆಮನೆಯ ಬಾಗಿಲು ಹಾಕಿಕೊಂಡು ಇದರ ಮುಂದೆ ಕೂತು ಮಾತಾಡುತ್ತ ನಗುತ್ತಿದ್ದ. ಒಮ್ಮೆ ಕದಕ್ಕೆ ಕಿವಿಯಿಟ್ಟಾಗ ಕೇಳಿದ್ದಿಷ್ಟು: "ನೀವು ಹೇಳಿದ ಹಾಗೇ ಮಾಡಿದೆ. ಅವಳಿಗೆ ಗೊತ್ತೇ ಆಗ್ಲಿಲ್ಲ. ಓವರ್." ನನ್ನ ಮಾತು ಮುಗಿಯಿತು, ಇನ್ನು ನಿಮ್ಮ ಸರದಿ ಎನ್ನಲು ರೇಡಿಯೊದವರು ಹೇಳುವ ಓವರ್. ಅವನ ಫೋನನ್ನು ಎರಡು ಸಲ ಶೋಧಿಸಿದ್ದಳು, ಗಂಗೆಯಷ್ಟು ಶುದ್ಧವಾಗಿತ್ತು. ಮೇಲಾಗಿ ಈಚೆಗೆ ರಾತ್ರಿಯಡುಗೆ ತನ್ನದೇ ಎನ್ನುತ್ತಿದ್ದ, ರುಚಿಯಾಗಿಯೂ ಮಾಡುತ್ತಿದ್ದ. ತಪ್ಪು ಮಾಡಿದ ಗಂಡಸರು ಏಕಾಏಕಿ ಒಳ್ಳೆಯವರಾಗುತ್ತಾರೆಂದು ಅವಳು ಕೇಳಿಬಲ್ಲಳು.

ಅಮ್ಮನ ಮುಂದೆ ಅತ್ತುಬಿಡೋಣವೆಂದರೆ, ಸೆಂಬವಾಂಗ್ ಬಡಾವಣೆಯಲ್ಲಿ ಇವರ ಮನೆಯೆದುರಿನ ಬ್ಲಾಕಿನಲ್ಲೇ ಇರುವ ಅನುಸೂಯಮ್ಮ ಸರಿಯಾಗಿ ಆ ಆರೂವರೆಯ ಹೊತ್ತಿಗೇ ಜಪಕ್ಕೆ ಕೂತು ಫೋನ್ ಎತ್ತುತ್ತಿರಲಿಲ್ಲ. ತಮ್ಮನ್ನು ಕೇಳದೆ ಮಗಳನ್ನು ರಿಜಿಸ್ಟರ್ ಮದುವೆಯಾದ ಅಳಿಯನ ಮುಖ ನೋಡಿ ಒಂದು ಮಾತೂ ಆಡುವುದಿಲ್ಲವೆಂದು, ಎಂಟು ವರ್ಷದ ಕೆಳಗೆ ನಂಜುಂಡನ ದೀಪದ ಮುಂದೆ ಆಣೆಯಿಟ್ಟವರು ಅವರು. ಇಟ್ಟ ಆಣೆಯನ್ನು ಎಂದೂ ಮುರಿದವರಲ್ಲ. ಮನೆಗೆ ಬಂದರೆ ಗೋಡೆಗೆ ತಿರುಗಿ, "ಸುನಂದಾ, ಕಾಫಿ ಆರ್ತಿದೆ ಅಂತ ನಿನ್ನ ಗಂಡನಿಗೆ ಹೇಳು" ಎನ್ನುವರು. ಅಂಥವರೇ ಮೊನ್ನೆ ಮಗಳ ದೂರು ಕೇಳಿ ತಡವರಿಸಿ, "ಬಿಡೇ, ಪಾಪ, ಅವನು ಅಂಥವನಲ್ಲ" ಎಂದುಬಿಟ್ಟಿದ್ದರು. ವಯಸ್ಸಾದಂತೆ ಮನಸ್ಸು ಮಾಗುತ್ತದೆ ಎಂದುಕೊಂಡಿದ್ದಳು ಸುನಂದಾ.

ಈಗ ಎಂಟು ವರ್ಷದ ಸಂಸಾರ ಒಂದು ಕಡಲೆಕಾಳಿನ ಮೇಲೆ ನಿಂತಿತ್ತು.

"ಕೊಂಡ ದಿನ ಹೇಗಿತ್ತೋ ಹಾಗೆ ಮಾಡಿಕೊಡಿ ಅಂಕಲ್."

ಪುಟ್ಟಸ್ವಾಮಿ ತಂತಿ ಬಿಡಿಸಿದರು. ಕಡಿದ ಗೆರೆಯನ್ನು ಒಂದು ಹನಿ ಸೀಸದಿಂದ ಕೂಡಿಸಿದರು. ತೂತು ಕಾಣಬಾರದೆಂದು ಸ್ವಿಚ್ಚನ್ನು ಹೆಸರಿಗೆ ಮಾತ್ರ ಅಲ್ಲೇ ಬಿಟ್ಟರು. ಇನ್ನು ಒಂಬತ್ತು ಅಂದರೆ ಒಂಬತ್ತೇ.

ಸಂಜೆ ಆರೂವರೆಗೆ ಅವಿನಾಶ ಕರೆದ. ಮತ್ತೆ ಕರೆದ. ಯಾರೂ ಓಗೊಡಲಿಲ್ಲ. ಮುಖ ಬಾಡಿಸಿಕೊಂಡು ಹೊರಬಂದು ಬಡಿಸಿದ, ಹುಳಿ ಸಪ್ಪೆಯಾಗಿತ್ತು. ಸುನಂದಾ ಎರಡು ಸಲ ಹಾಕಿಸಿಕೊಂಡು ಉಂಡಳು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಅನುಸೂಯಮ್ಮ ಬಂದರು. ಕೈಚೀಲದಿಂದ ಜಪಸರ ತೆಗೆದು ಪಕ್ಕಕ್ಕಿಟ್ಟರು. ಅದರಡಿಯಿಂದ, ಬೆನ್ನಿಗೆ ಕಡಲೆಕಾಳಿನಷ್ಟು ಸ್ವಿಚ್ ಇದ್ದ ಹಳೆಯ ರೇಡಿಯೊ ಎತ್ತಿ ಮೇಜಿನ ಮೇಲೆ ಕುಕ್ಕಿದರು. ಆಮೇಲೆ ಎಂದಿನಂತೆ ಗೋಡೆಗೆ ತಿರುಗಿದರು.

"ಸುನಂದಾ, ನಿನ್ನ ಗಂಡನ್ನ ಕೇಳು. ಹುಳಿಗೆ ಇಂಗು ಹಾಕು, ಇಂಗು ಹಾಕು ಅಂತ ನಿನ್ನೆ ಗಂಟಲು ಹರಿಯೋ ಹಾಗೆ ಕೂಗಿದೆ, ಕಿವಿ ಕೇಳಿಸಲ್ವಂತಾ? ಓವರ್."