ಚೆಲುವಯ್ಯನ ತಪ್ಪೊಪ್ಪಿಗೆ

ಬೆಳಿಗ್ಗೆ ಏಳಲು ಹೋದರೆ ಚೆಲುವಯ್ಯನ ಕಾಲೆರಡೂ ಅವನ ಮಾತು ಕೇಳಲಿಲ್ಲ. ಮೊದಲೇ ಸೂಜಿ ಕಂಡರೆ ಜೀವ ಬಾಯಿಗೆ ಬರುವ ಆಸಾಮಿ. ಹೆಂಡತಿ ಸಣ್ಣತಾಯಮ್ಮ ಏನಾಯಿತೆಂದು ಕೇಳಿದಾಗ, ಎಲ್ಲಿ ಆಸ್ಪತ್ರೆಗೆ ಎಳೆದೊಯ್ಯುತ್ತಾಳೋ ಎಂದು ಹೆದರಿ, "ಏನಿಲ್ಲ ಕಣೇ, ಕುಡ್ದಿವ್ನಿ. ಬುಡು, ಮನಿಕ್ಕತೀನಿ" ಎಂದು ಮುಸುಕೆಳೆದುಕೊಂಡ.

ಅವಳ ಮುಖ ಬಿಳಿಚಿಕೊಂಡಿತು. ಬೀದಿಯವರನ್ನೆಲ್ಲ ಕೂಗಿ ಕರೆದು, ಅವನನ್ನು ಚಾಪೆಸಮೇತ ಆಸ್ಪತ್ರೆಗೆ ಹೊರಿಸಿದಳು.

"ಬೆನ್ನುಹುರಿ ಹತ್ತಿರ ರಕ್ತ ಸೋರಿದೆ," ಎಂದರು ಡಾಕ್ಟರು. "ಇದು ಕುಡಿದ ಅಮಲಲ್ಲ, ಲಕ್ಷಕ್ಕೊಬ್ಬರಿಗೆ ಬರೋ ಕಾಯಿಲೆ. ತಡವಾಗಿದ್ರೆ ಕಾಲೇ ಹೋಗ್ತಿತ್ತು. ಇವರು ನೋಡಿದ್ರೆ ಇಲ್ಲೂ ಕುಡಿದಿದ್ದೀನಿ ಅಂತಲೇ ಹಟ ಹಿಡಿದಿದ್ದಾರೆ. ನಿಮಗೆ ಹೇಗಮ್ಮ ಅನುಮಾನ ಬಂತು?"

"ಅದ್ಕೇ ಡಾಕ್ಟ್ರೇ ಗಾಬ್ರಿಯಾಗಿದ್ದು," ಎಂದಳು ಸಣ್ಣತಾಯಮ್ಮ. "ಇಪ್ಪತ್ತೆರಡು ವರ್ಸದಲ್ಲಿ ಇವ್ರು ಕುಡ್ದಿವ್ನಿ ಅಂತ ಒಪ್ಕಂಡಿದ್ದು ಇವತ್ತೇ ಮೊದ್ಲು."