ಹಾಡು ನಿಂತಾಗ

ಮೂರ್ತಿ ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಜಜ್ಜುತ್ತಿದ್ದಾಗ ರೆಕಾರ್ಡಿನ ಒಂದು ಬದಿಯ ಹಾಡು ಮುಗಿದುಹೋಯಿತು.

ಹೊಡೆಯುವಾಗೆಲ್ಲ ಅವನು ಫೋನಿನಿಂದ ದೊಡ್ಡ ಸ್ಪೀಕರಿಗೆ ಜೋರಾಗಿ ಹಾಡು ಹಾಕುತ್ತಿದ್ದ. ಅವು ಒಂದರ ಹಿಂದೊಂದು ಬರುತ್ತಲೇ ಇರುತ್ತಿದ್ದವು. ಇವತ್ತು ಹೊಸದಾಗಿ ತಂದ ರೆಕಾರ್ಡ್ ಪ್ಲೇಯರ್ ಹಾಕಿ, “ಫೋನಿಂದೋ ಇದೋ, ಯಾವುದು ಚೆನ್ನಾಗಿದೆ ಹೇಳೇ” ಅಂದಿದ್ದ. “ನಂಗೆ ಎರಡೂ ಒಂದೇ ಥರ ಕೇಳುತ್ತೆ ಕಣ್ರೀ” ಅಂದಿದ್ದೇ ಅಕ್ಷತಳ ತಪ್ಪಾಯಿತು.

ಈಗ ಮನೆ ಗಪ್‌ಚಿಪ್ಪಾಯಿತು. ರೆಕಾರ್ಡ್ ಮಗುಚಿ ಹಾಕಲು ಅವನು ಅತ್ತ ತಿರುಗಿದ್ದೇ ತಡ, ಅಕ್ಷತ ಇದ್ದಬದ್ದ ಉಸಿರೆಲ್ಲ ಸೇರಿಸಿ ಕಿರುಚಿದಳು. “ಅತ್ತೇ!”

ಕೆಳಗೆ ಮೆಣಸಿನಕಾಯಿ ಕುಟ್ಟುತ್ತಿದ್ದ ನರಸಮ್ಮ ಒನಕೆ ಹಿಡಿದೇ ಮೆಟ್ಟಿಲೇರಿ ಬಂದಳು. ಸೊಸೆಯ ಬಾಯಲ್ಲಿ ರಕ್ತ ಕಂಡಳು.

“ಇಷ್ಟು ದಿನ ಹಾಡು ಕೇಳ್ತಾ ಇದೀಯ ಅಂದ್ಕೊಂಡಿದ್ನಲ್ಲೋ, ಪಾಪಿ!”

ಒನಕೆ ಮಗನ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಮೂವರಿಗೂ ಕೇಳಿಸಿತು.